ನೋಟ್‌ಬುಕ್ಕಿನ ಎಡಕ್ಕೆ ಪದ, ಬಲಕ್ಕೆ ಅರ್ಥ

ದಿನಕ್ಕೆ ಐವತ್ತು ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಿದರೂ ವಾರದೊಳಗೆ ಮರೆತುಹೋಗುತ್ತವೆ, ಮರೆಯದಿರಲು ಉಪಾಯ ಹೇಳಿ ಎಂದಿದ್ದೀರಿ. ನಾನೂ ಹಾಗೆಯೇ ಕಲಿತವನು. ಇನ್ನೂರು ಪುಟದ ನೋಟ್‌ಬುಕ್, ಪುಟದ ನಡುವೆ ಉದ್ದಗೆರೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ಆದರೆ ನನಗೆ ಮರೆವಿನ ತೊಂದರೆ ಇರಲಿಲ್ಲ. ಯಾವ ಪದ ಕೇಳಿದರೂ ಅರ್ಥ ಥಟ್ಟನೆ ನಾಲಗೆಗೆ ಬರುತ್ತಿತ್ತು. ನನಗೆ ಏಟು ಬಿದ್ದದ್ದು ಹಾಗೆ ಚೆನ್ನಾಗಿ ನೆನಪಿದ್ದ ಒಂದು ಪದದಿಂದ.

ಆ ಪದ 'ಓವರ್‌ಲುಕ್'. ನನ್ನ ಹಳೆಯ ನಿಘಂಟಿನಲ್ಲಿ ಅದರ ಮುಂದೆ ಅರ್ಥಗಳು ಸಾಲಾಗಿದ್ದವು: ಮೇಲಿನಿಂದ ನೋಡು, ಮೇಲ್ವಿಚಾರಣೆ ಮಾಡು, ಗಮನಿಸದೆ ಬಿಡು, ಮನ್ನಿಸು. ಯಾವುದು ಎಲ್ಲಿ ಹೊಂದುತ್ತದೆ ಎಂದು ತೋರಿಸುವ ಒಂದು ವಾಕ್ಯವೂ ಇರಲಿಲ್ಲ. 'ಓವರ್' ಎಂದರೆ ಮೇಲೆ, 'ಲುಕ್' ಎಂದರೆ ನೋಡು. ನಮ್ಮ 'ಮೇಲ್ವಿಚಾರಣೆ'ಗೆ ಸರಿಯಾಗಿ ಕೂತಿತು. ಅದೊಂದನ್ನೇ ಬರೆದುಕೊಂಡೆ.

ಮೂರು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದ ನಾನು ಇನ್ನೂ ಒಳ್ಳೆಯ ಹುದ್ದೆಯೊಂದಕ್ಕೆ ಅರ್ಜಿ ಹಾಕಿದೆ. 'ಐ ಓವರ್‌ಲುಕ್ಡ್ ಎವ್ರಿ ಬಿಲ್ ಫಾರ್ ತ್ರೀ ಇಯರ್ಸ್' ಎಂದು ಅದರಲ್ಲಿ ಬರೆದೆ. ಪ್ರತಿಯೊಂದು ಬಿಲ್ಲನ್ನೂ ನಾನೇ ನೋಡಿದ್ದೇನೆ ಎಂಬುದು ನನ್ನ ಮನಸ್ಸಿನಲ್ಲಿತ್ತು. ಓದಿದವರಿಗೆ ಸಿಕ್ಕ ಅರ್ಥ, ಮೂರು ವರ್ಷ ಒಂದು ಬಿಲ್ಲನ್ನೂ ನಾನು ಗಮನಿಸಲಿಲ್ಲ ಎಂದು. ಸಂದರ್ಶನದಲ್ಲಿ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಕಂಡಿತು. "ಇದು ನಿಜವೇ?" ಎಂದು ಕೇಳಿದರು. "ಹೌದು, ಒಂದನ್ನೂ ಬಿಟ್ಟಿಲ್ಲ" ಎಂದೆ. ಕೆಲಸ ಸಿಗಲಿಲ್ಲ. ಅವರು ಹಾಗೇಕೆ ಕೇಳಿದರೆಂದು ಹೊಳೆದದ್ದು ತಿಂಗಳುಗಳ ನಂತರ, ಅದೇ ಪದ ಓದಿನಲ್ಲಿ ಎದುರಾದಾಗ.

ಇದನ್ನು ಬಿಡಿಸಿ ಹೇಳಲೇಬೇಕು. ಆ ಪದ ನನಗೆ ಗೊತ್ತೇ ಇಲ್ಲದಿದ್ದರೆ ಬರೆಯುವ ಮುನ್ನ ನಿಘಂಟು ತೆರೆಯುತ್ತಿದ್ದೆ. ಗೊತ್ತಿದೆ ಎಂಬ ಧೈರ್ಯದಿಂದಲೇ ತೆರೆಯಲಿಲ್ಲ. ಮೇಲ್ವಿಚಾರಣೆ ಎಂಬ ಅರ್ಥ ಆ ಪದಕ್ಕೆ ಹಿಂದೆ ಇತ್ತು. ಇಂದಿನ ಬರವಣಿಗೆಯಲ್ಲಿ ಆ ಕೆಲಸ ಮಾಡುವುದು 'ಓವರ್‌ಸೀ'. ನನ್ನ ಪಟ್ಟಿಯಲ್ಲಿ ಹಳತು ಹೊಸತು ಎಂಬ ಗುರುತೇ ಇರಲಿಲ್ಲ. ಕಿಟಕಿ ಕೆರೆಯನ್ನು 'ಓವರ್‌ಲುಕ್' ಮಾಡುತ್ತದೆ, ಅಂದರೆ ಅಲ್ಲಿಂದ ಕೆರೆ ಕಾಣುತ್ತದೆ. ತಿದ್ದುವವನು ತಪ್ಪೊಂದನ್ನು 'ಓವರ್‌ಲುಕ್' ಮಾಡುತ್ತಾನೆ, ಅಂದರೆ ಅದು ಅವನ ಕಣ್ಣು ತಪ್ಪಿಸಿತು. ಇಂಥ ಎರಡು ವಾಕ್ಯ ಆಗ ಓದಿದ್ದರೆ ಸಾಕಿತ್ತು.

ಆದ್ದರಿಂದ ನೆನಪಿನ ಉಪಾಯ ನಾನು ಹೇಳುವುದಿಲ್ಲ. ಆ ಪಟ್ಟಿಯನ್ನೇ ಬಿಡಿ. ಭಾಷೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಹಿಡಿಯಿರಿ. ಇಂಗ್ಲಿಷ್ ವಿವರಣೆ ಅರ್ಥವಾಗದು ಎಂಬ ಭಯ ನನಗೂ ಇತ್ತು. ಆದರೆ 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ವಿವರಣೆಗಳನ್ನು ಸುಮಾರು 2000 ಸುಲಭ ಪದಗಳ ಮಿತಿಯಲ್ಲೇ ಬರೆಯಿತು. 1987ರ ಕೋಬಿಲ್ಡ್ ಎಂಬ ನಿಘಂಟು ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ ಕೊಟ್ಟಿತು, ಉದಾಹರಣೆಗಳನ್ನು ಜನರ ನಿಜವಾದ ಬರಹ ಮತ್ತು ಮಾತಿನಿಂದ ಆರಿಸಿತು. ಯಾರು, ಯಾವುದನ್ನು, ಯಾವಾಗ ಎಂಬುದೆಲ್ಲ ಅಲ್ಲಿ ಪದದ ಜೊತೆಗೇ ಬರುತ್ತದೆ.

ನುಡಿಗಟ್ಟುಗಳಿಗಂತೂ ಬೇರೆ ದಾರಿಯೇ ಇಲ್ಲ. 'ಪುಟ್', 'ಅಪ್', 'ವಿತ್' ಮೂರೂ ಗೊತ್ತಿದ್ದರೂ ಅವು ಸೇರಿದಾಗ 'ಸಹಿಸಿಕೊಳ್ಳು' ಆಗುತ್ತದೆಂದು ಊಹಿಸಲಾಗದು. 'ಇದರ ಬಗ್ಗೆ ಚರ್ಚಿಸು' ಎನ್ನುವ ನಮ್ಮ ರೂಢಿ 'ಡಿಸ್ಕಸ್' ಮುಂದೆ 'ಅಬೌಟ್' ಎಳೆದು ತರುತ್ತದೆ. ಅಲ್ಲಿ ಅದು ಬೇಡ. 'ಚರ್ಚಿಸು' ಎಂದಷ್ಟೇ ಬರೆದುಕೊಂಡವರಿಗೆ ಇದು ಗೊತ್ತಾಗುವುದು ಹೇಗೆ?

ಐವತ್ತು ಬೇಡ, ದಿನಕ್ಕೆ ಐದು ಪದ ಸಾಕು. ಪ್ರತಿಯೊಂದರ ಉದಾಹರಣೆ ವಾಕ್ಯವನ್ನು ಗಟ್ಟಿಯಾಗಿ ಓದಿ, ಅದೇ ಅಚ್ಚಿನಲ್ಲಿ ನಿಮ್ಮ ಇಂದಿನ ದಿನದ ಕುರಿತು ಒಂದು ವಾಕ್ಯ ಬರೆಯಿರಿ. ಅದನ್ನು ಬಲ್ಲವರಿಗೆ ತೋರಿಸಿ. ನನ್ನ ಅರ್ಜಿಯ ಆ ಸಾಲನ್ನು ಕಳುಹಿಸುವ ಮೊದಲು ನಾನು ಯಾರಿಗೂ ತೋರಿಸಿರಲಿಲ್ಲ.