ಸೈನ್ಯದ ಕೈಗೆ ನಕ್ಷೆ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನನ್ನ ಫೋನಿನ ಮ್ಯಾಪ್‌ನಲ್ಲಿ ನಮ್ಮೂರ ಗಲ್ಲಿಯೂ ಕಾಣುತ್ತದೆ. ಸೈನ್ಯಕ್ಕೆ ಬೇರೆ ಡಿಜಿಟಲ್ ನಕ್ಷೆ ಯಾಕೆ? ಸುಮ್ನೆ ದುಡ್ಡು ದಂಡ ಅಲ್ವಾ?
– ಓದುಗರು, ತಿಪಟೂರು

ಫೋನಿನ ಮ್ಯಾಪ್ ನಿಮ್ಮನ್ನು ಮದುವೆ ಛತ್ರಕ್ಕೆ ಮುಟ್ಟಿಸಿದರೆ ಅದರ ಕೆಲಸ ಮುಗಿಯಿತು. 40 ಟನ್‌ಗೂ ಜಾಸ್ತಿ ತೂಗುವ ಟ್ಯಾಂಕನ್ನು ಹಳ್ಳ ದಾಟಿಸಬೇಕಾದವರಿಗೆ ಸೇತುವೆ ಎಷ್ಟು ಭಾರ ತಡೆಯುತ್ತದೆ, ದಂಡೆ ಎಷ್ಟು ಕಡಿದು, ಮಳೆ ಬಿದ್ದ ಮೇಲೆ ಆ ಮಣ್ಣು ಕೆಸರಾಗುತ್ತದಾ ಇಲ್ಲವಾ, ಇದೆಲ್ಲ ಗೊತ್ತಿರಬೇಕು. ಹೆಲಿಕಾಪ್ಟರ್ ಪೈಲಟ್‌ಗೆ ಹೈಟೆನ್ಷನ್ ತಂತಿ ಎಲ್ಲಿದೆ ಅನ್ನುವುದು ಬೇಕು. ಅದೂ ನೆಟ್‌ವರ್ಕ್ ಇಲ್ಲದ ಜಾಗದಲ್ಲಿ! 1983ರಲ್ಲಿ ಅಮೆರಿಕದ ಪಡೆಗಳು ಗ್ರೆನಡಾ ದ್ವೀಪಕ್ಕೆ ನುಗ್ಗಿದಾಗ ಸರಿಯಾದ ನಕ್ಷೆ ಸಿಗದೆ, ಪ್ರವಾಸಿಗರ ನಕ್ಷೆಯ ಮೇಲೆ ಚೌಕಳಿ ಗೆರೆ ಎಳೆದುಕೊಂಡು ಕೆಲಸ ನಡೆಸಿದ್ದವು. ದುಡ್ಡಿಗೇನೂ ಬರವಿಲ್ಲದ ಸೈನ್ಯ ಅದು.

ಪ್ರಶ್ನೆ: ನಮ್ಮ ದೇಶದಲ್ಲಿ ಈ ಮಾಹಿತಿ ಪೂರೈಸುವವರು ಯಾರು?
– ಓದುಗರು, ಹಾಸನ

ಮುಖ್ಯವಾಗಿ ಡೆಹ್ರಾಡೂನ್‌ನ ಸರ್ವೆ ಆಫ್ ಇಂಡಿಯಾ. 1767ರಿಂದ ಇದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, 1800ರಲ್ಲಿ, ಲ್ಯಾಂಬ್ಟನ್ ಎಂಬ ಸೇನಾ ಅಧಿಕಾರಿ ಬೆಂಗಳೂರಿನ ಹತ್ತಿರ ಆಧಾರ ರೇಖೆ (ಮುಂದಿನ ಅಳತೆಗಳಿಗೆಲ್ಲ ಬುಡವಾಗುವ ಮೊದಲ ಗೆರೆ) ಅಳೆದ. ದಂಡು ಮತ್ತು ಅಳತೆ ಸರಪಳಿಯ ನಂಟು ಅಷ್ಟು ಹಳೆಯದು. ಸಮುದ್ರದ ಚಾರ್ಟ್‌ಗಳು ನೌಕಾಪಡೆಯ ಹೈಡ್ರೋಗ್ರಾಫಿಕ್ ಕಚೇರಿಯಿಂದ ಬರುತ್ತವೆ. ತಮಾಷೆ ಎಂದರೆ ಅದಿರುವುದೂ ಸಮುದ್ರವೇ ಕಾಣದ ಡೆಹ್ರಾಡೂನ್‌ನಲ್ಲಿ. ಮೇಲಿನಿಂದ ಚಿತ್ರ ತೆಗೆಯಲು ಕಾರ್ಟೋಸ್ಯಾಟ್ ಉಪಗ್ರಹಗಳಿವೆ. 2005ರಲ್ಲಿ ಹಾರಿದ ಮೊದಲನೆಯದರಲ್ಲಿ ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ನೋಡುವ ಎರಡು ಕ್ಯಾಮೆರಾ ಇದ್ದವು, ಹಾಗಾಗಿ ನೆಲದ ಏರಿಳಿತವನ್ನೂ ಲೆಕ್ಕ ಹಾಕಬಹುದಿತ್ತು.

ಅದೇ 2005ರ ನಕ್ಷಾ ನೀತಿ ನಕ್ಷೆಗಳನ್ನು ಎರಡು ಸರಣಿ ಮಾಡಿತು: ರಕ್ಷಣೆಗೆ ಒಂದು, ನಮ್ಮ ನಿಮ್ಮಂಥವರಿಗೆ ಇನ್ನೊಂದು. ಇಲ್ಲೊಂದು ತೊಡಕಿದೆ. ಹಳೆಯ ಟೋಪೋ ಶೀಟ್‌ಗಳು (ನೆಲದ ಏರಿಳಿತ ತೋರಿಸುವ ನಕ್ಷೆಗಳು) ಭೂಮಿಯ ಆಕಾರಕ್ಕೆ ಹಾಕಿಕೊಂಡ ಎವರೆಸ್ಟ್ ಎಂಬ ಲೆಕ್ಕದ ಮೇಲೆ ನಿಂತಿವೆ, ಜಿಪಿಎಸ್ ನಡೆಯುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಲೆಕ್ಕದ ಮೇಲೆ. ಒಂದರ ಅಕ್ಷಾಂಶ-ರೇಖಾಂಶವನ್ನು ಹಾಗೇ ಎತ್ತಿ ಇನ್ನೊಂದರ ಮೇಲಿಟ್ಟರೆ ಬೆಂಗಳೂರಿನಲ್ಲಿ ಜಾಗ ನೂರು ಮೀಟರ್‌ಗೂ ಜಾಸ್ತಿ ಸರಿದುಬಿಡುತ್ತದೆ. ಗುರಿ ಹೇಳುವವನು ಒಂದು ನಕ್ಷೆ, ಫಿರಂಗಿ ಹಾರಿಸುವವನು ಇನ್ನೊಂದು ಹಿಡಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ನನ್ನ ಪ್ರಕಾರ ನಕ್ಷೆ ತಯಾರಿಸುವುದಕ್ಕಿಂತ, ಎಲ್ಲರ ಕೈಯಲ್ಲೂ ಒಂದೇ ಲೆಕ್ಕದ, ಒಂದೇ ತಾರೀಖಿನ ನಕ್ಷೆ ಇರುವಂತೆ ನೋಡಿಕೊಳ್ಳುವುದೇ ದೊಡ್ಡ ತಲೆನೋವು.

ಪ್ರಶ್ನೆ: ಕೆಲವು ದೇಶಗಳ ಸೈನ್ಯಗಳು ನಕ್ಷೆಯ ಡೇಟಾ ಹಂಚಿಕೊಳ್ಳುತ್ತವಂತೆ. ಗುಟ್ಟು ಬಿಟ್ಟುಕೊಟ್ಟ ಹಾಗಲ್ಲವೇ?
– ಓದುಗರು, ಮಸ್ಕತ್

ಗುಟ್ಟು ಯಾರೂ ಕೊಡುವುದಿಲ್ಲ, ಕೊಡುವುದು ರಸ್ತೆ, ಹೊಳೆ, ಊರು ಇಂಥವನ್ನು. ಎಂಜಿಸಿಪಿ ಅಂತ, ಹಲವು ದೇಶಗಳು ಸೇರಿ ನಕ್ಷೆಯ ಡೇಟಾ ತಯಾರಿಸುವ ಒಂದು ಏರ್ಪಾಡಿದೆ. ಅದರಲ್ಲಿ ಭೂಮಿಯನ್ನು ಒಂದು ಡಿಗ್ರಿಯ ಚೌಕಗಳಾಗಿ ಕತ್ತರಿಸಿ ಹಂಚಿಕೊಳ್ಳುತ್ತಾರೆ. ನಮ್ಮ ಹಳ್ಳಿಯ ಮುಯ್ಯಾಳು ಲೆಕ್ಕವೇ: ನಿನ್ನ ಪಾಲಿನ ಚೌಕ ಮಾಡಿಕೊಡು, ಬೇರೆಯವರು ಮಾಡಿದ್ದನ್ನು ತೆಗೆದುಕೋ. ಆದರೆ ಒಬ್ಬರು ಕಾಲುವೆ ಅಂದದ್ದನ್ನು ಇನ್ನೊಬ್ಬರ ಕಂಪ್ಯೂಟರ್ ಹೊಳೆ ಅಂತ ಓದಬಾರದಲ್ಲ? ಅದಕ್ಕೆ ಪ್ರತಿ ವಸ್ತುವಿಗೂ ಒಂದು ಕೋಡ್. ಇಂಥ ನಿಯಮಗಳನ್ನು ಕೂತು ಬರೆಯಲೆಂದೇ 1983ರಲ್ಲಿ ಡಿಜಿಐಡಬ್ಲ್ಯುಜಿ ಎಂಬ, ಹಲವು ದೇಶಗಳ ರಕ್ಷಣಾ ನಕ್ಷೆಯವರ ಕೂಟ ಶುರುವಾಯಿತು. ಬೋರು ಹೊಡೆಸುವ ಕೆಲಸ, ಆದರೆ ಅದಿಲ್ಲದಿದ್ದರೆ ಹಂಚಿಕೊಂಡ ಡೇಟಾ ಬರೀ ಕಸ.

ಪ್ರಶ್ನೆ: ಹಳೆಯ ಡೇಟಾ ಇದ್ದರೆ ಅಷ್ಟೊಂದು ತೊಂದರೆಯಾ?
– ಓದುಗರು, ಸಿರಸಿ

1999ರ ಮೇ 7ರ ರಾತ್ರಿ ನೇಟೋ ಕಾರ್ಯಾಚರಣೆಯಲ್ಲಿ ಅಮೆರಿಕದ ವಿಮಾನ ಬೆಲ್‌ಗ್ರೇಡ್‌ನಲ್ಲಿ ಬಾಂಬ್ ಹಾಕಿತು. ಗುರಿ ಯುಗೊಸ್ಲಾವಿಯಾದ ಸೇನಾ ಖರೀದಿ ಕಚೇರಿಯಾಗಿತ್ತಂತೆ, ಬಿದ್ದದ್ದು ಚೀನಾ ರಾಯಭಾರ ಕಚೇರಿಯ ಮೇಲೆ. ಮೂವರು ಪತ್ರಕರ್ತರು ಸತ್ತರು. ಗುರಿಯ ಜಾಗವನ್ನೇ ತಪ್ಪಾಗಿ ಗುರುತಿಸಿದ್ದರು. ರಾಯಭಾರ ಕಚೇರಿ 1996ರಲ್ಲೇ ಹೊಸ ಕಟ್ಟಡಕ್ಕೆ ಬಂದಿದ್ದರೂ ಡೇಟಾಬೇಸ್‌ಗಳಲ್ಲಿ ಹಳೆಯ ವಿಳಾಸವೇ ಉಳಿದಿದ್ದರಿಂದ ಆ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ ಎಂದು ಅಮೆರಿಕ ಹೇಳಿತು. ಚೀನಾ ಈ ಮಾತನ್ನು ಒಪ್ಪಲಿಲ್ಲ.