ಲ್ಯಾಪರೋಸ್ಕೋಪಿಯಲ್ಲಿ ತೆಗೆಸಿದ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳು ಮತ್ತೆ ಬರುತ್ತವೆಯೇ?

ಪೂರ್ತಿಯಾಗಿ ತೆಗೆದ ಗಡ್ಡೆ ಮರಳಿ ಬರುವುದಿಲ್ಲ. ಆದರೆ ಗರ್ಭಕೋಶವನ್ನು ಉಳಿಸಿಕೊಂಡವರಲ್ಲಿ, ಮುಟ್ಟು ನಿಲ್ಲುವ ತನಕ, ಹೊಸ ಗಡ್ಡೆಗಳು ಕಾಣಿಸಿಕೊಳ್ಳುವ ಸಾಧ್ಯತೆ ಸಾಕಷ್ಟಿದೆ.

ಪ್ರತಿಯೊಂದು ಫೈಬ್ರಾಯ್ಡ್ ಗಡ್ಡೆಯೂ ಗರ್ಭಕೋಶದ ಸ್ನಾಯುವಿನ ಒಂದೇ ಜೀವಕೋಶದಿಂದ ಪ್ರತ್ಯೇಕವಾಗಿ ಹುಟ್ಟಿ, ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಪ್ರಭಾವದಿಂದ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆಯ ದಿನ ಕೆಲವೇ ಮಿಲಿಮೀಟರ್‌ನಷ್ಟಿದ್ದು ವೈದ್ಯರ ಕಣ್ಣಿಗೂ ಕೈಗೂ ಸಿಗದೆ ಸ್ನಾಯುವಿನೊಳಗೆ ಉಳಿದವು ಮುಂದೆ ದೊಡ್ಡದಾಗುತ್ತವೆ. ಹೀಗಾಗಿಯೇ ಒಂದೇ ಗಡ್ಡೆಯಿದ್ದವರಿಗಿಂತ ಹಲವು ಗಡ್ಡೆಗಳಿದ್ದವರಲ್ಲಿ, ಮತ್ತು ಚಿಕ್ಕ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ, ಈ ಸಾಧ್ಯತೆ ಹೆಚ್ಚು. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡಿತೆಂದು ಗಾಬರಿಯಾಗಬೇಕಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ: ಅತಿಯಾದ ರಕ್ತಸ್ರಾವ, ನೋವು ಅಥವಾ ಒತ್ತಡದಂತಹ ತೊಂದರೆಯಿಲ್ಲದಿದ್ದರೆ ಸಾಮಾನ್ಯವಾಗಿ ಮರುಚಿಕಿತ್ಸೆ ಬೇಕಾಗುವುದಿಲ್ಲ.

ಗಡ್ಡೆಗೆ ಹೋಗುವ ರಕ್ತನಾಳವನ್ನು ಸಣ್ಣ ಕಣಗಳಿಂದ ಮುಚ್ಚುವ ಎಂಬೊಲೈಸೇಶನ್ ವಿಧಾನದಲ್ಲಿ ಗಡ್ಡೆ ಒಳಗೇ ಉಳಿದು ಕುಗ್ಗುವುದರಿಂದ ಮರುಚಿಕಿತ್ಸೆಯ ಅಗತ್ಯ ಇನ್ನೂ ಹೆಚ್ಚು. ನೆದರ್‌ಲೆಂಡ್ಸ್‌ನ ಎಮ್ಮಿ ಅಧ್ಯಯನದಲ್ಲಿ ಈ ಚಿಕಿತ್ಸೆ ಪಡೆದವರ ಪೈಕಿ ಸುಮಾರು ಮೂರನೇ ಒಂದು ಭಾಗದಷ್ಟು ಮಹಿಳೆಯರು 10 ವರ್ಷಗಳೊಳಗೆ ಗರ್ಭಕೋಶವನ್ನೇ ತೆಗೆಸಬೇಕಾಯಿತು. ಉಳಿದ ಬಹುಪಾಲು ಮಹಿಳೆಯರಿಗೆ ಆ ದೊಡ್ಡ ಶಸ್ತ್ರಚಿಕಿತ್ಸೆ ತಪ್ಪಿತು ಎಂಬುದೂ ಅಷ್ಟೇ ಮುಖ್ಯ.

ಮಕ್ಕಳು ಬೇಕೆನ್ನುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಸ್ನಾಯುವಿನ ಆಳದಿಂದ ಗಡ್ಡೆ ತೆಗೆದು ಹೊಲಿದ ಜಾಗ ಮುಂದೆ ಗರ್ಭಿಣಿಯಾದಾಗ ಅಥವಾ ಹೆರಿಗೆಯ ವೇಳೆ ಬಿರಿಯುವ ಅಪಾಯ ಶೇಕಡಾ 1ಕ್ಕಿಂತ ಕಡಿಮೆಯಾದರೂ ಗಂಭೀರವಾದದ್ದು. ಆದ್ದರಿಂದ ಶಸ್ತ್ರಚಿಕಿತ್ಸೆಯ ವರದಿಯನ್ನು ಜೋಪಾನವಾಗಿಟ್ಟು ಹೆರಿಗೆ ವೈದ್ಯರಿಗೆ ತಪ್ಪದೆ ತೋರಿಸಿ.