ಕವಿತೆಯಲ್ಲಿ ಬರುವ ಬೆಟ್ಟ, ಹೊಳೆಗೆ ಅರ್ಥ ಬರುವುದು ಹೇಗೆ?

ಕಥೆ, ಕವಿತೆಗಳಲ್ಲಿ ಬರುವ ಬೆಟ್ಟ, ಮಳೆ, ಹೊಳೆ ಎಲ್ಲ ಸುಮ್ನೆ ಅಲಂಕಾರಕ್ಕಾ, ಇಲ್ಲ ಅದಕ್ಕೇನಾದರೂ ಅರ್ಥ ಇರುತ್ತದಾ ಎಂದು ಕೇಳಿದ್ದೀರಿ. ಕೆಲವು ಬರಹಗಳಲ್ಲಿ ಅದು ಬರೀ ಅಲಂಕಾರವೇ, ತೆಗೆದುಹಾಕಿದರೂ ಏನೂ ಕಳೆದುಹೋಗುವುದಿಲ್ಲ. ಒಳ್ಳೆಯ ಬರಹದಲ್ಲಿ ಹಾಗೆ ತೆಗೆಯಲು ಆಗುವುದೇ ಇಲ್ಲ.

‘ಅವನ ಹಿಂದಿನ ವೈಭವವೆಲ್ಲ ಹೋಗಿತ್ತು’ ಎಂದು ಬರೆದರೆ ನಾವು ಓದಿ ಮುಂದೆ ಹೋಗುತ್ತೇವೆ. ಅವನು ಬತ್ತಿದ ಹೊಳೆಯೊಳಗೆ ನಿಂತಿದ್ದಾನೆ, ಹಿಂದೆ ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂಬ ಗೆರೆ ಬಂಡೆಯ ಮೇಲೆ ಅವನ ತಲೆಗಿಂತ ಎತ್ತರದಲ್ಲಿದೆ ಎಂದು ಬರೆದರೆ? ಎಷ್ಟು ಹೋಯಿತು ಎಂಬುದನ್ನು ಆ ಗೆರೆಯೇ ಹೇಳುತ್ತದೆ. ದುಃಖ ಎಂಬ ಮಾತೇ ಬೇಕಾಗುವುದಿಲ್ಲ. ಅರ್ಥವನ್ನು ನಾವೇ ಕಂಡುಕೊಂಡಿದ್ದರಿಂದ ಅದು ಜಾಸ್ತಿ ದಿನ ನೆನಪಲ್ಲಿ ಉಳಿಯುತ್ತದೆ.

ನನಗೆ ತುಂಬ ಇಷ್ಟವಾದ ಉದಾಹರಣೆ ಅಕ್ಕಮಹಾದೇವಿಯ ವಚನ. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಅಂಜಿದರೆ ಹೇಗೆ? ಸಮುದ್ರದ ದಡದಲ್ಲಿ ಮನೆ ಮಾಡಿ ನೊರೆತೆರೆಗಳಿಗೆ ಅಂಜಿದರೆ ಹೇಗೆ? ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದರೆ ಹೇಗೆ? ಕೊನೆಗೆ, ಲೋಕದಲ್ಲಿ ಹುಟ್ಟಿದ ಮೇಲೆ ಹೊಗಳಿಕೆ, ತೆಗಳಿಕೆ ಬಂದರೆ ಕೋಪ ಮಾಡಿಕೊಳ್ಳದೆ ಸಮಾಧಾನದಿಂದ ಇರಬೇಕು ಎನ್ನುತ್ತಾಳೆ.

ಇಲ್ಲಿ ಮೂರನೆಯ ಚಿತ್ರವನ್ನು ಸ್ವಲ್ಪ ನಿಂತು ನೋಡಿ. ಬೆಟ್ಟ, ಸಮುದ್ರ ಆಯಿತು, ಸಂತೆ ಯಾಕೆ ಬಂತು? ಸಂತೆ ಪ್ರಕೃತಿಯಲ್ಲ, ಜನ ಸೇರುವ ಜಾಗ. ಆದರೆ ಮೃಗ, ತೆರೆಗಳ ಸಾಲಿನಲ್ಲೇ ಅದನ್ನು ಕೂರಿಸಿದ್ದರಿಂದ ಜನರ ಮಾತೂ ತೆರೆಯ ಹಾಗೆ ಆಗಿಬಿಟ್ಟಿತು. ತೆರೆ ಯಾರ ಮೇಲೂ ಹಗೆ ಇಟ್ಟುಕೊಂಡು ಬರುವುದಿಲ್ಲ, ಬರುವುದೇ ಅದರ ಗುಣ. ಅದರ ಮೇಲೆ ಯಾರು ಸಿಟ್ಟಾಗುತ್ತಾರೆ, ಅಲ್ವಾ? ಕೊನೆಯ ಸಾಲಿನ ಬುದ್ಧಿಮಾತೊಂದೇ ಇದ್ದಿದ್ದರೆ ಅದು ಉಪದೇಶವಾಗುತ್ತಿತ್ತು. ಚಿತ್ರಗಳು ಮೊದಲೇ ನಮ್ಮನ್ನು ಒಪ್ಪಿಸಿಬಿಟ್ಟಿರುತ್ತವೆ.

ತಮಿಳಿನ ಅತಿ ಹಳೆಯ ಕಾವ್ಯವಾದ ಸಂಗಂ ಕಾವ್ಯದಲ್ಲಿ ಇದು ಒಂದು ಪದ್ಧತಿಯೇ ಆಗಿತ್ತು. ಬೆಟ್ಟ ಎಂದರೆ ಪ್ರೇಮಿಗಳ ಕೂಡುವಿಕೆ, ಕಾಡು ಎಂದರೆ ತಾಳ್ಮೆಯ ಕಾಯುವಿಕೆ, ಕಡಲತೀರ ಎಂದರೆ ಕೊರಗು, ಒಣನೆಲ ಎಂದರೆ ಅಗಲಿಕೆ. ಕವಿ ಜಾಗದ ಚಿತ್ರ ಕೊಟ್ಟರೆ ಸಾಕು, ಕೇಳುವವರಿಗೆ ಮನಸ್ಸಿನ ಸ್ಥಿತಿ ತಿಳಿಯುತ್ತಿತ್ತು.

ಈಗಿನ ಬರಹಗಾರರಿಗೂ ಓದುಗರಿಗೂ ನಡುವೆ ಅಂಥ ಒಪ್ಪಂದ ಇಲ್ಲ. ಹಾಗಾಗಿ ‘ಮಳೆ ಎಂದರೆ ದುಃಖ’ ಎಂಬಂಥ ಸಿದ್ಧ ಪಟ್ಟಿ ಹಿಡಿದು ಓದಬೇಡಿ. ಅದೇ ಮಳೆ ಬಿತ್ತನೆ ಮುಗಿಸಿದವನಿಗೆ ಒಂದು, ಸೂರು ಸೋರುವವನಿಗೆ ಇನ್ನೊಂದು. ಯಾರು ನೋಡುತ್ತಿದ್ದಾರೆ, ಯಾವ ಗಳಿಗೆಯಲ್ಲಿ ನೋಡುತ್ತಿದ್ದಾರೆ, ಇಡೀ ಕಾಡಿನಲ್ಲಿ ಅವರ ಕಣ್ಣು ಆ ಒಂದು ಎಲೆಯ ಮೇಲೇ ಯಾಕೆ ನಿಂತಿತು ಎಂದು ಕೇಳಿಕೊಳ್ಳಿ. ನಾನಂತೂ ವರ್ಣನೆ ಬಂದ ಕಡೆ ಪುಟ ಹಾರಿಸುವುದಿಲ್ಲ. ಪಾತ್ರಗಳು ಬಾಯಿಬಿಟ್ಟು ಹೇಳದ ಮಾತು ಹೆಚ್ಚಾಗಿ ಅಲ್ಲೇ ಸಿಗುತ್ತದೆ.